'ಆಗಲ್ಲ' ಎನ್ನಲು ಬಿಡುವ ಕಂಪನಿ

ಹೆವಿ ಲೈಸೆನ್ಸ್ ಕೈಗೆ ಬಂದ ಹುಡುಗರು ನೆಲಮಂಗಲದ ಟ್ರಾನ್ಸ್‌ಪೋರ್ಟ್ ಆಫೀಸುಗಳಲ್ಲಿ ಕೆಲಸ ಕೇಳಲು ಹೋದಾಗ ಸಂಬಳ ಎಷ್ಟು, ಬತ್ತೆ ಎಷ್ಟು, ಗಾಡಿ ಹೊಸದೋ ಹಳೆಯದೋ ಎಂದು ವಿಚಾರಿಸುತ್ತಾರೆ. ಕೇಳಬೇಕಾದ ಮಾತುಗಳೇ. ಆದರೆ ಇವೆಲ್ಲಕ್ಕೂ ಮೊದಲು ತಿಳಿದುಕೊಳ್ಳಬೇಕಾದದ್ದು ಇನ್ನೊಂದಿದೆ: ಇಲ್ಲಿ ಡ್ರೈವರ್ 'ಆಗಲ್ಲ ಸಾರ್' ಎಂದರೆ ಏನಾಗುತ್ತದೆ?

ರಾತ್ರಿ ಎರಡರಿಂದ ಬೆಳಗಿನ ಐದರವರೆಗೆ ದೇಹ ನಿದ್ದೆಗಾಗಿ ಹಟ ಹಿಡಿಯುತ್ತದೆ. ಗಂಟೆಗೆ 60 ಕಿ.ಮೀ. ವೇಗದ ಲಾರಿ ಮೂರು ಸೆಕೆಂಡಿನಲ್ಲಿ 50 ಮೀಟರ್ ಓಡುತ್ತದೆ. ಒಂದು ತೂಕಡಿಕೆಗೆ ಅಷ್ಟು ಹೊತ್ತು ಸಾಕು. 17 ಗಂಟೆ ಎಚ್ಚರವಿದ್ದವನ ಕಣ್ಣು-ಕೈಗಳ ಹೊಂದಾಣಿಕೆ, ರಕ್ತದಲ್ಲಿ ಶೇ. 0.05 ಮದ್ಯವಿರುವವನ ಮಟ್ಟಕ್ಕೆ ಇಳಿಯುತ್ತದೆ ಎಂದು ಡ್ರೂ ಡಾಸನ್ ಮತ್ತು ಕ್ಯಾಥ್ರಿನ್ ರೀಡ್ 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ತೋರಿಸಿದರು. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ ಶೇ. 0.03. ಕುಡಿದು ಓಡಿಸಿದವನಿಗೆ ಶಿಕ್ಷೆಯಾಗುತ್ತದೆ, ಆಗಲೇಬೇಕು. ಆದರೆ ನಿದ್ದೆಗೆಟ್ಟವನಿಗೆ ಫೋನ್ ಮಾಡಿ 'ಬೆಳಗ್ಗೆ ಎಂಟಕ್ಕೆ ಗಾಡಿ ಭಿವಂಡಿಯಲ್ಲಿರಬೇಕು' ಎಂದು ಅಪ್ಪಣೆ ಕೊಟ್ಟವನ ಹೆಸರು ಎಫ್‌ಐಆರ್‌ನಲ್ಲಿ ಕಾಣುವುದು ಅಪರೂಪ. ಇದು ಅನ್ಯಾಯ.

ಗಾಡಿ ಮಗುಚಿದರೆ 'ಹಣೆಬರಹ' ಎಂದುಬಿಡುತ್ತೇವೆ. ಆಯುಧಪೂಜೆಗೆ ಬೂದುಗುಂಬಳ ಒಡೆಯುವ, ಬಂಪರಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುವ ಡ್ರೈವರನ ಭಯ ನಿಜವಾದದ್ದು. ಅದನ್ನು ಹಂಗಿಸಲು ನನಗೆ ಮನಸ್ಸಿಲ್ಲ. ಆ ಭಯಕ್ಕೆ ಪರಿಹಾರ ಮಾತ್ರ ಬ್ರೇಕ್ ಲೈನರ್‌ನಲ್ಲಿ, ಟೈರಿನಲ್ಲಿ, ನಿದ್ದೆಯಲ್ಲಿ ಇದೆ. ಪೂಜೆಗೆ ಕೈಬಿಚ್ಚಿ ಖರ್ಚು ಮಾಡುವ ಮಾಲೀಕ ಸವೆದ ಲೈನರ್ ಬದಲಿಸಲು ಹಿಂದೆಮುಂದೆ ನೋಡಿದರೆ, ದೇವರ ಹೆಸರಿನಲ್ಲಿ ಬಡವನೊಬ್ಬನ ಜೀವವನ್ನು ಅಪಾಯಕ್ಕೆ ಒಡ್ಡಿದ್ದಾನೆ ಎಂದೇ ಅರ್ಥ. ಸೇರುವ ಮೊದಲು ಯಾರ್ಡಿನಲ್ಲಿ ನಿಂತ ಗಾಡಿಗಳ ಸುತ್ತ ಒಂದು ಸುತ್ತು ಬಂದರೆ ಇದು ಕಣ್ಣಿಗೇ ಕಾಣುತ್ತದೆ.

ಕಣ್ಣಿಗೆ ಕಾಣದ್ದು ಅಡ್ವಾನ್ಸ್. "ಅಡ್ವಾನ್ಸ್ ಏನಾದ್ರೂ ಬೇಕೇನಪ್ಪಾ?" ಎಂದು ಮ್ಯಾನೇಜರ್ ಅಕ್ಕರೆಯಿಂದಲೇ ಕೇಳುತ್ತಾನೆ. ತಂಗಿಯ ಮದುವೆ, ಬತ್ತಿದ ಬೋರ್‌ವೆಲ್ಲಿನ ಸಾಲ ತಲೆಯ ಮೇಲಿರುವ ಹುಡುಗ "ಐವತ್ತು ಸಾವಿರ ಸಿಕ್ಕಿದ್ರೆ ಉಪಕಾರ ಆಗುತ್ತೆ ಸಾರ್" ಎನ್ನುತ್ತಾನೆ. ರಿಜಿಸ್ಟರಿಗೊಂದು ಸಹಿ, ಖಾಲಿ ಚೆಕ್ಕಿಗೊಂದು ಸಹಿ. ಅಲ್ಲಿಂದ ಮುಂದೆ ಮೂರು ಟನ್ ಹೆಚ್ಚು ಹೇರಿದರೂ ಅವನ ಬಾಯಿ ಏಳುವುದಿಲ್ಲ. ಓವರ್‌ಲೋಡಿಗೆ 2019ರ ತಿದ್ದುಪಡಿಯ ಪ್ರಕಾರ ದಂಡ 20 ಸಾವಿರ, ಜೊತೆಗೆ ಪ್ರತಿ ಹೆಚ್ಚುವರಿ ಟನ್ನಿಗೆ 2 ಸಾವಿರ. ಓಡಿಸಿದವನೂ ಓಡಿಸಲು ಹಚ್ಚಿದವನೂ ಅಪರಾಧಿಗಳೇ. ರಸ್ತೆಯಲ್ಲಿ ಕೈಗೆ ಸಿಗುವವನು ಮಾತ್ರ ಡ್ರೈವರ್. ಮುಂಗಡದ ಋಣಕ್ಕೆ ಮನುಷ್ಯನ ದುಡಿಮೆಯನ್ನು ಕಟ್ಟಿಹಾಕುವುದನ್ನು 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಬರೀ ಹೊಲಗದ್ದೆಗಳಲ್ಲಿ ನಿಷೇಧಿಸಿದ್ದಲ್ಲ. ಆದ್ದರಿಂದ ಹೊಸಬರಿಗೆ ನನ್ನ ಮಾತು: ಸಾಧ್ಯವಿದ್ದಷ್ಟೂ ಅಡ್ವಾನ್ಸ್ ಇಲ್ಲದೆ ಸೇರಿ. ತೆಗೆದುಕೊಳ್ಳಲೇಬೇಕಾಗಿ ಬಂದರೆ ಒಂದೆರಡು ತಿಂಗಳಲ್ಲಿ ತೀರುವಷ್ಟು ಮಾತ್ರ ತೆಗೆದುಕೊಳ್ಳಿ, ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿ.

ಇನ್ನು ದುಡಿಮೆಯ ಹೊತ್ತಿನ ಮಾತು. ಐದು ಅಥವಾ ಹೆಚ್ಚು ಮಂದಿ ಕೆಲಸಗಾರರಿರುವ ಸಾರಿಗೆ ಸಂಸ್ಥೆಯಲ್ಲಿ ದಿನಕ್ಕೆ 8 ಗಂಟೆ ದುಡಿಮೆ, ದೂರದ ಮಾರ್ಗಕ್ಕೆ ಅನುಮತಿ ಪಡೆದರೆ 10, ಐದು ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ವಿಶ್ರಾಂತಿ ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಆ ಕಾಯ್ದೆಯನ್ನು ಒಳಗೊಂಡ 2020ರ ಕಾರ್ಮಿಕ ಸಂಹಿತೆ ನೇಮಕಾತಿ ಪತ್ರ ಕೊಡಬೇಕು ಎನ್ನುತ್ತದೆ. ಪತ್ರ ಕೇಳಿದ್ದಕ್ಕೆ ಮುಖ ಸಿಂಡರಿಸುವ ಆಫೀಸಿನಿಂದ ಎದ್ದು ಬಂದರೆ ನಷ್ಟವೇನಿಲ್ಲ.

ಆದರೂ ಕಾಗದ ಎಲ್ಲವನ್ನೂ ಹೇಳುವುದಿಲ್ಲ. ಯಾರ್ಡಿನ ಹೊರಗಿನ ಟೀ ಅಂಗಡಿಯಲ್ಲಿ ಹಳೆಯ ಡ್ರೈವರೊಬ್ಬರನ್ನು ಕೇಳಬೇಕು: "ಅಣ್ಣಾ, ನಿದ್ದೆ ಬರ್ತಿದೆ, ಗಾಡಿ ಸೈಡಿಗೆ ಹಾಕಿದ್ದೀನಿ ಅಂತ ಫೋನ್ ಮಾಡಿದ್ರೆ ಆಫೀಸ್‌ನವರು ಏನಂತಾರೆ?" 'ಮಲಗಪ್ಪಾ, ಪಾರ್ಟಿಗೆ ನಾನು ಹೇಳ್ತೀನಿ' ಎನ್ನುವ ಮ್ಯಾನೇಜರ್ ಅಲ್ಲಿದ್ದಾನೆ ಎಂದಾದರೆ, ಬತ್ತೆ ಸ್ವಲ್ಪ ಕಡಿಮೆಯಾದರೂ ಸೇರಬಹುದು.

ಆ ಪಾರ್ಟಿಯ, ಅಂದರೆ ಸರಕಿನ ಗಿರಾಕಿಯ ಬಗ್ಗೆಯೂ ಒಂದು ಮಾತು. ಸರಕು ಸಾಗಣೆಗೆ ಬೇಕಾದ ಇ-ವೇ ಬಿಲ್ 200 ಕಿ.ಮೀ.ಗೆ ಒಂದು ದಿನದಂತೆ ಅವಧಿ ಕೊಡುತ್ತದೆ. ಬೆಂಗಳೂರಿನಿಂದ ಮುಂಬೈ ಸುಮಾರು ಸಾವಿರ ಕಿಲೋಮೀಟರ್. ಸರ್ಕಾರದ ಲೆಕ್ಕದಲ್ಲಿ ಐದು ದಿನ. ನಾಳಿದ್ದು ಬೆಳಗ್ಗೆಯೇ ಬೇಕೆಂಬ ಆತುರ ಸರಕು ಕಳಿಸುವ ವ್ಯಾಪಾರಿಯದು, ತರಿಸಿಕೊಳ್ಳುವ ನಮ್ಮದು. ಬಾಡಿಗೆಯ ಕರಾರಿನಿಂದ 'ತಡವಾದರೆ ಕಡಿತ' ಎಂಬ ಸಾಲನ್ನು ವ್ಯಾಪಾರಿ ತೆಗೆದುಹಾಕಿದರೆ, ಒಂದೆರಡು ಲಾರಿ ಇಟ್ಟುಕೊಂಡು ಸಾಲದ ಕಂತು ಕಟ್ಟುತ್ತಿರುವ ಸಣ್ಣ ಮಾಲೀಕನಿಗೂ ತನ್ನ ಡ್ರೈವರಿಗೆ 'ಮಲಗಪ್ಪಾ' ಎಂದು ಹೇಳುವ ಧೈರ್ಯ ಬರುತ್ತದೆ.