ಕೊನೆಯವರ ವಿಶ್ರಾಂತಿ

ಇಂದಿನ ಚಿಂತನೆ.

ಭಾನುವಾರ ನಮ್ಮ ಸೈಕಲ್ ಬಳಗ ಕೊಳ್ಳೇಗಾಲದಿಂದ ಭರಚುಕ್ಕಿಗೆ ಹೊರಟಿತ್ತು. ಮುಂದೆ ಹೋದ ನಾವು ಸತ್ತೇಗಾಲದ ಬಳಿ ಟೀ ಕುಡಿದು, 15 ನಿಮಿಷ ದಣಿವಾರಿಸಿಕೊಂಡೆವು. ಗೇರಿಲ್ಲದ ಹಳೇ ಸೈಕಲ್ಲಿನ ಅಣ್ಣ ಬೆವರುತ್ತಾ ಬಂದು ಕಾಲೂರಿದರು. "ಎಲ್ಲರೂ ಬಂದ್ರಲ್ಲ, ಹೊರಡೋಣ" ಎಂದೆ. ಅವರು ಮಾತಾಡದೆ ಮತ್ತೆ ಪೆಡಲ್ ತುಳಿದರು.

ಆಗ ಹೊಳೆಯಿತು: ಹೆಚ್ಚು ದಣಿದವರಿಗೇ ವಿಶ್ರಾಂತಿಯಿಲ್ಲ!

ಕಾದರೆ ಸಾಕೇ, ಸಮತೆ ಬಂದುಬಿಡುತ್ತದೆಯೇ? ವಿಶ್ರಾಂತಿಯ ಲೆಕ್ಕ ಕೊನೆಯವರು ಬಂದ ಮೇಲೆ ಶುರುವಾಗಬೇಕು. ಎದುರುಗಾಳಿಗೆ ಬಲವಿದ್ದವರು ಮುಂದಿರಬೇಕು; ಅವರ ಹಿಂದೆಯೇ ಬರುವವರಿಗೆ ಗಾಳಿಯ ಹೊಡೆತ ಕಡಿಮೆ. ಇದು ಉಪಕಾರವಲ್ಲ, ಜೊತೆಗೆ ಹೊರಟವರ ಹೊಣೆ. ವಾಪಸ್ ಬರುವಾಗ ಹಾಗೇ ಮಾಡಿದೆವು, ಒಟ್ಟಿಗೇ ಊರು ಸೇರಿದೆವು.

ನಮ್ಮ ಮನೆಯಲ್ಲಿ, ಬಳಗದಲ್ಲಿ ಕೊನೆಗೆ ಕೂರುವವರು ಯಾರು? ಅವರು ಕೂತ ಕೂಡಲೇ ನಾವು ಏಳುತ್ತಿದ್ದೇವೆಯೇ? ಇಂದು ಗಮನಿಸೋಣ.