ನೆರೆಯ ಇಗರ್ಜಿಯ ಒಳಿತು ಮತ್ತು ನಮ್ಮ ಸಾಕ್ಷ್ಯ

ಕ್ರೈಸ್ತರು ನಡೆಸುವ ಆಸ್ಪತ್ರೆಯಲ್ಲಿ ಹುಟ್ಟಿ, ಕನ್ಯಾಸ್ತ್ರೀಯರ ಶಾಲೆಯಲ್ಲಿ ಅಕ್ಷರ ಕಲಿತು, ಮುಂದೆ ತಮ್ಮ ಮಕ್ಕಳನ್ನೂ ಅದೇ ಶಾಲೆಗೆ ಸೇರಿಸಿದ ಮುಸ್ಲಿಮ್ ತಾಯಂದಿರು ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಬಹಳ ಮಂದಿ ಇದ್ದಾರೆ. ಹೆರಿಗೆಗೆ ಎಲ್ಲಿಗೆ ಹೋಗಬೇಕು, ಹೆಣ್ಣು ಮಗುವನ್ನು ಯಾವ ಶಾಲೆಗೆ ಹಾಕಬೇಕು ಎಂದು ಮನೆಯಲ್ಲಿ ಮಾತು ಬಂದಾಗ ನಾವು ಆ ಹೆಸರುಗಳನ್ನು ಯಾವ ಅಳುಕೂ ಇಲ್ಲದೆ ಹೇಳುತ್ತೇವೆ. ಆದರೆ ಅದೇ ಮಾತನ್ನು ಮಸೀದಿಯ ಅಂಗಳದಲ್ಲೋ ಜಮಾಅತಿನ ಸಭೆಯಲ್ಲೋ ಹೇಳಬೇಕಾಗಿ ಬಂದರೆ ನಾಲಗೆ ತಡವರಿಸುತ್ತದೆ. "ಅವರು ಒಳ್ಳೆಯ ಕೆಲಸ ಮಾಡುತ್ತಾರೆ, ಆದರೆ..." ಎಂದು ಆರಂಭಿಸುತ್ತೇವೆ. ಆ "ಆದರೆ"ಯ ನಂತರವೇ ನಮ್ಮ ಮಾತು ಉದ್ದವಾಗುತ್ತದೆ. ಈ ಹಿಂಜರಿಕೆ ಎಲ್ಲಿಂದ ಬಂತು? ಇದು ಈಮಾನಿನಿಂದ ಬಂದದ್ದೇ? ಅಥವಾ ಈಮಾನಿನ ಹೆಸರು ಹೊತ್ತುಕೊಂಡು ಬಂದ ಬೇರೇನಾದರೂ ಆಗಿದೆಯೇ?

ಹಿಂಜರಿಯುವವರ ವಾದವನ್ನು ಹಗುರವಾಗಿ ತಳ್ಳಿಹಾಕುವುದು ಸರಿಯಲ್ಲ. ಈಸಾ(ಅ)ರಿಗೆ ದೇವತ್ವವನ್ನು ಆರೋಪಿಸುವುದನ್ನು ಪವಿತ್ರ ಕುರ್‌ಆನ್ ಕಟುವಾಗಿ ಖಂಡಿಸಿದೆ. ಸತ್ಯನಿಷೇಧಿಗಳ ಕರ್ಮಗಳನ್ನು ಅನ್ನೂರ್ ಅಧ್ಯಾಯದ 39ನೇ ಸೂಕ್ತವು ಬಾಯಾರಿದವನು ನೀರೆಂದು ಭ್ರಮಿಸುವ ಬಿಸಿಲ್ಗುದುರೆಗೆ ಹೋಲಿಸಿದೆ. ಇಗರ್ಜಿಯ ಕೆಲಸವನ್ನು ಮಕ್ಕಳ ಮುಂದೆ ಹೊಗಳಿದರೆ ಅವರ ನಂಬಿಕೆಯೂ ನಮ್ಮ ನಂಬಿಕೆಯೂ ಒಂದೇ ಎಂದು ಮಕ್ಕಳು ತಿಳಿದುಬಿಡಲಾರರೇ ಎಂದು ಕೇಳುವ ತಂದೆಯ ಆತಂಕ ಸುಳ್ಳಲ್ಲ. ತನ್ನ ಮಗುವಿನ ದೀನ್ ಬಗ್ಗೆ ಆತಂಕವೇ ಇಲ್ಲದ ತಂದೆಗಿಂತ ಆತ ಎಷ್ಟೋ ವಾಸಿ.

ಆದರೆ ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡಿವೆ. ಈ ಕರ್ಮಕ್ಕೆ ಪರಲೋಕದಲ್ಲಿ ಏನು ಫಲ ಎಂಬುದು ಒಂದು. ಈ ಕರ್ಮದ ಬಗ್ಗೆ ಇಹದಲ್ಲಿ ನಾವು ಏನು ಹೇಳಬೇಕು ಎಂಬುದು ಇನ್ನೊಂದು. ಇವೆರಡನ್ನೂ ಬಿಡಿಸಿ ನೋಡಲು ಪ್ರವಾದಿ(ಸ)ರ ಜೀವನದಲ್ಲಿಯೇ ಒಂದು ಸ್ಪಷ್ಟ ನಿದರ್ಶನವಿದೆ.

ಮಕ್ಕಾದಲ್ಲಿ ಅಬ್ದುಲ್ಲಾ ಬಿನ್ ಜುದ್‌ಆನ್ ಎಂಬ ಶ್ರೀಮಂತನಿದ್ದ. ಅಜ್ಞಾನ ಕಾಲದಲ್ಲೇ ತೀರಿಹೋದವನು. ಬಂಧುಗಳನ್ನು ಆದರಿಸುತ್ತಿದ್ದ, ಬಡವರಿಗೆ ಉಣ್ಣಿಸುತ್ತಿದ್ದ. ಇವೆಲ್ಲ ಆತನಿಗೆ ಪ್ರಯೋಜನವಾಗುವುದೇ ಎಂದು ಹಝ್ರತ್ ಆಯಿಶಾ(ರ) ಕೇಳಿದಾಗ ಪ್ರವಾದಿ(ಸ)ರು ಇಲ್ಲವೆಂದರು. ವಿಚಾರಣೆಯ ದಿನದಂದು ತನ್ನ ಪಾಪಗಳನ್ನು ಕ್ಷಮಿಸೆಂದು ಆತ ಒಂದು ದಿನವೂ ತನ್ನ ಪ್ರಭುವಿನೊಡನೆ ಬೇಡಿರಲಿಲ್ಲ ಎಂಬ ಕಾರಣವನ್ನೂ ಕೊಟ್ಟರು. ಇದು ಸಹೀಹ್ ಮುಸ್ಲಿಮ್‌ನಲ್ಲಿದೆ. ಇಷ್ಟನ್ನು ಮಾತ್ರ ಓದಿದವರು ಮಾತು ಮುಗಿಯಿತು ಎಂದುಕೊಳ್ಳುತ್ತಾರೆ. ಮುಗಿಯಲಿಲ್ಲ. ಯಮನಿನಿಂದ ಸರಕು ತಂದಿದ್ದ ಒಬ್ಬ ಪರದೇಶಿ ವರ್ತಕನಿಗೆ ಮಕ್ಕಾದ ಪ್ರಮುಖ ಆಸ್ ಬಿನ್ ವಾಇಲ್ ಹಣ ಕೊಡದೆ ಮೋಸ ಮಾಡಿದಾಗ, ಮರ್ದಿತನ ಪರ ನಿಲ್ಲಲು ಮಕ್ಕಾದ ಕೆಲವರು ಸೇರಿ ಪ್ರತಿಜ್ಞೆ ಮಾಡಿದ್ದರು. ಅದೇ ಹಿಲ್ಫುಲ್ ಫುದೂಲ್. ಆ ಪ್ರತಿಜ್ಞೆ ನಡೆದದ್ದು ಇದೇ ಬಿನ್ ಜುದ್‌ಆನನ ಮನೆಯಲ್ಲಿ. ಯೌವನದಲ್ಲಿ ಅದರಲ್ಲಿ ಪಾಲ್ಗೊಂಡಿದ್ದ ಪ್ರವಾದಿ(ಸ)ರು ಪ್ರವಾದಿತ್ವ ದೊರೆತ ನಂತರವೂ ಆ ಮನೆಯ ಹೆಸರು ಹೇಳಿಯೇ ಅದನ್ನು ನೆನೆದರು. ಕೆಂಪು ಒಂಟೆಗಳನ್ನು ಕೊಟ್ಟರೂ ಆ ಪ್ರತಿಜ್ಞೆಯನ್ನು ಬಿಟ್ಟುಕೊಡಲಾರೆ, ಇಸ್ಲಾಮಿನ ಕಾಲದಲ್ಲಿ ಅಂಥದಕ್ಕೆ ಯಾರಾದರೂ ಕರೆದರೆ ಓಗೊಡುವೆ ಎಂಬರ್ಥದಲ್ಲಿ ಹೇಳಿದರು.

ಒಬ್ಬನೇ ಮನುಷ್ಯ. ಆತನ ಪರಲೋಕದ ಬಗ್ಗೆ ದಿವ್ಯಜ್ಞಾನದ ಆಧಾರದಲ್ಲಿ ಒಂದು ಮಾತು, ಆತನ ಮನೆಯಲ್ಲಿ ನಡೆದ ನ್ಯಾಯದ ಕೆಲಸದ ಬಗ್ಗೆ ಮುಕ್ತಕಂಠದ ಇನ್ನೊಂದು ಮಾತು. ಮೊದಲನೆಯದನ್ನು ಹೇಳುವ ಅಧಿಕಾರ ನಮಗಿಲ್ಲ, ಏಕೆಂದರೆ ನಮಗೆ ದಿವ್ಯವಾಣಿ ಬರುವುದಿಲ್ಲ. ಎರಡನೆಯದಕ್ಕೆ ಅಡ್ಡಿಯೇನಿದೆ?

ಕ್ರೈಸ್ತರ ವಿಷಯದಲ್ಲಂತೂ ಕುರ್‌ಆನ್ ಇನ್ನೂ ಮುಂದೆ ಹೋಗುತ್ತದೆ. ಅಲ್‌ಹದೀದ್ ಅಧ್ಯಾಯದ 27ನೇ ಸೂಕ್ತವನ್ನು ನಿಧಾನವಾಗಿ ಓದಿರಿ. ಈಸಾ(ಅ)ರನ್ನು ಅನುಸರಿಸಿದವರ ಹೃದಯಗಳಲ್ಲಿ ಅನುಕಂಪವನ್ನೂ ದಯೆಯನ್ನೂ ಇರಿಸಿದ್ದು ತಾನೇ ಎಂದು ಅಲ್ಲಾಹನು ಅಲ್ಲಿ ಹೇಳುತ್ತಾನೆ. ಅದೇ ಉಸಿರಿನಲ್ಲಿ, ಸನ್ಯಾಸವನ್ನು ಅವರು ತಾವಾಗಿಯೇ ಕಲ್ಪಿಸಿಕೊಂಡರು, ಅದನ್ನು ಅವರಿಗೆ ವಿಧಿಸಿರಲಿಲ್ಲ ಎಂದೂ ಹೇಳುತ್ತಾನೆ. ಪ್ರಶಂಸೆಯೂ ಭಿನ್ನಾಭಿಪ್ರಾಯವೂ ಒಂದೇ ಸೂಕ್ತದಲ್ಲಿ, ಒಂದು ಇನ್ನೊಂದನ್ನು ಮಸುಕು ಮಾಡದೆ ನಿಂತಿವೆ. ಮದುವೆಯಾಗದೆ ಮಠದಲ್ಲಿ ಬದುಕುವ ಸಿಸ್ಟರ್‌ಗಳ ಜೀವನಕ್ರಮ ನಮ್ಮದಲ್ಲ ಎಂದು ಮಗಳಿಗೆ ಹೇಳಿರಿ. ಅವರ ಕೈಯಲ್ಲಿರುವ ದಯೆ ಎಲ್ಲಿಂದ ಬಂತೆಂದು ಆ ಸೂಕ್ತ ಹೇಳಿದೆಯೋ ಅದನ್ನೂ ಹೇಳಿರಿ.

ಆ ದಯೆ ನಮ್ಮ ಊರುಗಳಲ್ಲಿ ಏನು ಮಾಡಿದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಜರ್ಮನಿಯಿಂದ ಬಂದ ಯೇಸುಸಭೆಯ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪತಿ ಮದ್ದು ಕೊಡಲು ಆರಂಭಿಸಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಒಂದು ಆಶ್ರಯ ಕಟ್ಟಿದರು. ಈ ಎರಡನೆಯ ವರ್ಷದ ಮೇಲೆ ಸ್ವಲ್ಪ ನಿಲ್ಲಬೇಕು. ಕುಷ್ಠಕ್ಕೆ ನಿಜವಾಗಿ ನಾಟುವ ಮದ್ದು ಬಳಕೆಗೆ ಬಂದದ್ದು 1940ರ ದಶಕದಲ್ಲಿ. ಅಂದರೆ ಸುಮಾರು ಐವತ್ತು ವರ್ಷ ಆ ಆಶ್ರಯದಲ್ಲಿ ಇದ್ದವರು ಗುಣವಾಗುವರೆಂಬ ಭರವಸೆ ಯಾರಿಗೂ ಇರಲಿಲ್ಲ. ವಾಸಿಯಾದ ರೋಗಿಯನ್ನು ತೋರಿಸಿ ಹೆಸರು ಗಳಿಸುವ ಅವಕಾಶವೂ ಇಲ್ಲ. ಗಾಯ ತೊಳೆಯುವುದು, ಬಟ್ಟೆ ಕಟ್ಟುವುದು, ಉಣ್ಣಿಸುವುದು, ಮರುದಿನ ಮತ್ತೆ ಅದೇ. ಮನೆಯವರೇ ಹೊರಗಟ್ಟಿದ ಮನುಷ್ಯನಿಗೆ ಇಷ್ಟನ್ನು ಮಾಡಲು ಒಬ್ಬರು ಸಮುದ್ರ ದಾಟಿ ಬಂದರು, 1910ರಲ್ಲಿ ಇಲ್ಲಿಯೇ ತೀರಿಕೊಂಡರು. ಇಂದು ಆ ಹೆಸರಿನ ಆಸ್ಪತ್ರೆ ದೊಡ್ಡ ವೈದ್ಯಕೀಯ ಕಾಲೇಜಾಗಿ ಬೆಳೆದಿದೆ.

ಉಡುಪಿಯಲ್ಲಿ 1923ರಲ್ಲಿ ಸ್ವಿಸ್ ವೈದ್ಯೆ ಈವಾ ಲೊಂಬಾರ್ಡ್ ಬಾಸೆಲ್ ಮಿಷನ್ ವತಿಯಿಂದ ಆಸ್ಪತ್ರೆ ತೆರೆದರು. ಗಂಡಸು ಡಾಕ್ಟರ ಮುಂದೆ ಹೋಗಲು ಒಪ್ಪದ ಮನೆಗಳ ಹೆಂಗಸರಿಗೆ ಒಬ್ಬ ಹೆಂಗಸು ಡಾಕ್ಟರು ಸಿಗುವುದೆಂದರೆ ಆ ಕಾಲದಲ್ಲಿ ಏನು ಎಂಬುದನ್ನು ನಮ್ಮ ಅಜ್ಜಿಯಂದಿರೇ ಹೇಳಬೇಕು. ಮಂಗಳೂರಿನಲ್ಲಿ ಕಾರ್ಮೆಲ್ ಸಭೆಯ ಸಿಸ್ಟರ್‌ಗಳು ಹೆಣ್ಣು ಮಕ್ಕಳಿಗಾಗಿ ಸಂತ ಆಗ್ನೆಸ್ ಕಾಲೇಜು ತೆರೆದದ್ದು 1921ರಲ್ಲಿ. ನಮ್ಮ ಸಮುದಾಯದಲ್ಲಿ ಹೆಣ್ಣು ಮಕ್ಕಳಿಗೆ ಓದು ಬೇಕೇ ಎಂಬ ಚರ್ಚೆ ಅದಾದ ಎಷ್ಟೋ ವರ್ಷಗಳ ನಂತರವೂ ನಡೆಯುತ್ತಿತ್ತು.

ಇವೆಲ್ಲ ಮತಪ್ರಚಾರದ ಗಾಳವಲ್ಲವೇ ಎಂದು ಕೇಳುವವರಿದ್ದಾರೆ. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದದ್ದು ತಮ್ಮ ಧರ್ಮವನ್ನು ಸಾರಲೆಂದೇ. ಅದನ್ನು ಅವರು ಮುಚ್ಚಿಡಲೂ ಇಲ್ಲ. ಮತಾಂತರದಿಂದಾಗಿ ಕುಲಕಸುಬು, ಮನೆಮಠ ಕಳೆದುಕೊಂಡವರಿಗೆ ಜೀವನೋಪಾಯ ಒದಗಿಸುವ ಉದ್ದೇಶದಿಂದಲೇ ಅವರು ನೇಯ್ಗೆಯನ್ನೂ, 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ಆರಂಭಿಸಿದರು. ಆದರೆ ತನ್ನ ನಂಬಿಕೆ ಸತ್ಯವೆಂದು ಬಗೆದವನು ಅದನ್ನು ಇತರರಿಗೆ ಹೇಳುವುದು ತಪ್ಪೆಂದು ಮುಸ್ಲಿಮನು ಯಾವ ಬಾಯಿಯಿಂದ ಹೇಳಿಯಾನು? ದಅ್‌ವತ್ ನಮ್ಮ ಮೇಲೂ ಇರುವ ಹೊಣೆಯಲ್ಲವೇ? ರೋಗಿಯ ಮುಂದೆ ಮದ್ದನ್ನು ಹಿಡಿದು, ಮೊದಲು ನಮ್ಮ ಧರ್ಮಕ್ಕೆ ಬಾ, ಆಮೇಲೆ ಕೊಡುತ್ತೇವೆ ಎಂದರೆ ಅದು ಗಾಳ. ಎಲ್ಲರಿಗೂ ಸಮನಾಗಿ ಮದ್ದು ಕೊಟ್ಟು, ನಾನು ಇದನ್ನು ಮಾಡುವುದು ನನ್ನ ದೇವರಿಗಾಗಿ ಎಂದರೆ ಅದು ಗಾಳವಲ್ಲ. ಕಂಕನಾಡಿಯಲ್ಲಾಗಲಿ ಉಡುಪಿಯಲ್ಲಾಗಲಿ ಹೆರಿಗೆಯಾಗಿ ಮನೆಗೆ ಮರಳಿದ ನಮ್ಮ ತಾಯಂದಿರು ಮಗುವಿನ ಕಿವಿಯಲ್ಲಿ ಬಾಂಗ್ ಕೂಗಿಸಲು ಯಾರ ಅನುಮತಿಯನ್ನೂ ಕೇಳಬೇಕಾಗಿ ಬರಲಿಲ್ಲ. ಇದಕ್ಕಿಂತ ಒಳಗಿನ ಉದ್ದೇಶ ಹೃದಯಗಳ ರಹಸ್ಯ. ಅದರ ಲೆಕ್ಕ ನೋಡುವವನು ಬೇರೆ ಇದ್ದಾನೆ.

ಅವರ ಸಂಸ್ಥೆಗಳಲ್ಲಿ ಕುಂದಿಲ್ಲವೆಂದು ಇದರರ್ಥವಲ್ಲ. ಶಾಲೆಗಳ ಶುಲ್ಕ ಏರಿದೆ. ತಲೆವಸ್ತ್ರದ ವಿಷಯದಲ್ಲಿ ಕೆಲವೆಡೆ ಮನಸ್ತಾಪಗಳಾಗಿವೆ. ಅದನ್ನು ಎದುರಿಗೆ ಕುಳಿತು ಹೇಳುವ ಹಕ್ಕು ನಮಗಿದೆ. ಆದರೆ ಒಳಿತನ್ನು ಒಪ್ಪಿಕೊಂಡವನ ದೂರಿಗೇ ತೂಕ. (ಡಿಸೆಂಬರ್ ಬಂತೆಂದರೆ ಶುಭಾಶಯ ಹೇಳಬಹುದೇ, ನೆರೆಮನೆಯಿಂದ ಬಂದ ಕುಸ್ವಾರ್ ತಟ್ಟೆಯನ್ನು ಸ್ವೀಕರಿಸಬಹುದೇ ಎಂದು ನಮ್ಮಲ್ಲಿ ವಾರಗಟ್ಟಲೆ ಚರ್ಚೆ. ಆ ನೆರೆಮನೆಯ ಹುಡುಗಿ ನರ್ಸ್ ಆಗಿ ನಮ್ಮ ತಂದೆಯ ಹಾಸಿಗೆಯ ಪಕ್ಕ ಕಳೆದ ರಾತ್ರಿಗಳ ಬಗ್ಗೆ ಉಳಿದ ಹನ್ನೊಂದು ತಿಂಗಳು ಯಾರೂ ಫತ್ವಾ ಕೇಳುವುದಿಲ್ಲ.)

ವಿರೋಧಿಯ ಗುಣವನ್ನು ಹೇಳುವುದರಲ್ಲಿ ನಮ್ಮ ಪೂರ್ವಿಕರು ಎಷ್ಟು ಧಾರಾಳಿಗಳಾಗಿದ್ದರು! ಅಂತ್ಯದಿನ ಬರುವಾಗ ರೋಮನರೇ ಹೆಚ್ಚು ಸಂಖ್ಯೆಯಲ್ಲಿರುವರು ಎಂಬ ಪ್ರವಾದಿವಚನವನ್ನು ಒಬ್ಬರು ಅಮ್ರ್ ಬಿನ್ ಆಸ್(ರ)ರ ಮುಂದೆ ಹೇಳಿದರು. ರೋಮನರೆಂದರೆ ಅಂದಿನ ಕ್ರೈಸ್ತ ಸಾಮ್ರಾಜ್ಯದವರು. ಅಮ್ರ್(ರ) ಅವರೊಡನೆ ಸಿರಿಯಾದಲ್ಲಿಯೂ ಈಜಿಪ್ಟಿನಲ್ಲಿಯೂ ಯುದ್ಧ ಮಾಡಿದ ದಂಡನಾಯಕ. ಅಂಥವರು ಆ ಜನರ ಗುಣಗಳನ್ನು ಎಣಿಸತೊಡಗಿದರು: ಸಂಕಷ್ಟದಲ್ಲಿ ತಾಳ್ಮೆ, ವಿಪತ್ತಿನಿಂದ ಬೇಗನೆ ಚೇತರಿಸಿಕೊಳ್ಳುವುದು, ಹಿಮ್ಮೆಟ್ಟಿದರೂ ಮತ್ತೆ ಮುನ್ನುಗ್ಗುವುದು, ಬಡವ, ಅನಾಥ, ದುರ್ಬಲರಿಗೆ ಎಲ್ಲರಿಗಿಂತ ಮಿಗಿಲಾಗಿ ಉಪಕರಿಸುವುದು. ಐದನೆಯದೂ ಒಂದಿದೆ, ಅದು ಸುಂದರವಾದದ್ದು ಎಂದು ಸೇರಿಸಿದರು: ದೊರೆಗಳ ದಬ್ಬಾಳಿಕೆಯನ್ನು ಅವರು ತಡೆಯುತ್ತಾರೆ. ಇದೂ ಸಹೀಹ್ ಮುಸ್ಲಿಮ್‌ನ ವರದಿಯೇ. ಮೇಲೆ ಹೇಳಿದ ಪರದೇಶಿ ವರ್ತಕನಿಗೆ ಮೋಸ ಮಾಡಿದ ಆಸ್ ಬಿನ್ ವಾಇಲ್‌ನ ಮಗನೇ ಈ ಅಮ್ರ್(ರ) ಎಂಬುದನ್ನು ನೆನೆದರೆ ಆ ಐದನೆಯ ಮಾತಿನ ಬೆಲೆ ಇನ್ನೂ ಹೆಚ್ಚುತ್ತದೆ.

ಇದು ಬರೀ ಸೌಜನ್ಯದ ಪ್ರಶ್ನೆಯಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. 2008ರ ಸೆಪ್ಟೆಂಬರ್ 14, ಆದಿತ್ಯವಾರ. ಮಂಗಳೂರಿನ ಮಿಲಾಗ್ರಿಸ್ ಬಳಿಯ ಆರಾಧನಾ ಮಠಕ್ಕೆ ನುಗ್ಗಿ ದಾಳಿ ಮಾಡಲಾಯಿತು. ಕರಾವಳಿಯ ಬೇರೆ ಪ್ರಾರ್ಥನಾಲಯಗಳ ಮೇಲೂ ದಾಳಿಗಳಾದವು. ಅದು ನಮಗೆ ರಮಝಾನ್ ತಿಂಗಳು. ದಾಳಿಗೆ ಮುಂದಿಟ್ಟ ನೆಪ ಮತಾಂತರ. ಸೇವೆಯೆಲ್ಲ ವಂಚನೆ ಎಂದು ಒಂದು ಸಮುದಾಯದ ಮೇಲೆ ಆರೋಪ ಹೊರಿಸುವಾಗ, ಆ ಸೇವೆಯನ್ನು ತಲೆಮಾರುಗಳಿಂದ ಪಡೆದೂ ಧರ್ಮ ಬಿಡದ ನಾವಲ್ಲವೇ ಅದಕ್ಕೆ ದೊಡ್ಡ ಸಾಕ್ಷಿ? ಸಾಕ್ಷ್ಯವನ್ನು ಬಚ್ಚಿಡಬೇಡಿರಿ, ಬಚ್ಚಿಡುವವನ ಹೃದಯ ಪಾಪಿಷ್ಠವಾದುದು ಎಂಬ ಅಲ್‌ಬಕರದ 283ನೇ ಸೂಕ್ತದ ಆದೇಶ ಸಾಲದ ವ್ಯವಹಾರದ ಸಂದರ್ಭದಲ್ಲಿ ಬಂದದ್ದು. ಹಣದ ಸಾಲಕ್ಕೇ ಹೀಗಾದರೆ ಉಪಕಾರದ ಸಾಲಕ್ಕೆ ಏನೆನ್ನಬೇಕು? ಮಠ, ಇಗರ್ಜಿ, ಯಹೂದಿ ಆರಾಧನಾಲಯ, ಮಸೀದಿಗಳ ಧ್ವಂಸವನ್ನು ಅಲ್ಲಾಹನು ಜನರ ಮೂಲಕವೇ ತಡೆಯುತ್ತಾನೆ ಎನ್ನುವ ಅಲ್‌ಹಜ್ಜ್‌ನ 40ನೇ ಸೂಕ್ತದಲ್ಲಿ ಮಸೀದಿಯ ಹೆಸರು ಕೊನೆಗೆ ಬರುತ್ತದೆ.

ಇನ್ನೊಂದು ಕಹಿ ಮಾತನ್ನೂ ಮುಚ್ಚಿಡಬಾರದು. ಇಂಗ್ಲಿಷರಿಗೆ ನೆರವಾದರೆಂಬ ಶಂಕೆಯ ಮೇಲೆ 1784ರಲ್ಲಿ ಟಿಪ್ಪು ಸುಲ್ತಾನರ ಆಡಳಿತವು ಕರಾವಳಿಯ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಿತು; ಇಗರ್ಜಿಗಳನ್ನು ಕೆಡವಲಾಯಿತು. ದಾರಿಯಲ್ಲಿಯೂ ಸೆರೆಯಲ್ಲಿಯೂ ಸತ್ತವರು ಅನೇಕರು. ಆ ನೆನಪು ಅವರ ಮನೆಗಳಲ್ಲಿ ಇಂದಿಗೂ ಇದೆ. ಆ ಸೆರೆಯಿಂದ ಬದುಕಿ ಬಂದವರ ಮೊಮ್ಮಕ್ಕಳು, ಮರಿಮಕ್ಕಳ ಕಾಲದಲ್ಲಿಯೇ ಕಂಕನಾಡಿಯಲ್ಲಿ ಮದ್ದು ಕೊಡಲು ಆರಂಭವಾದದ್ದು. ಅದರ ಬಾಗಿಲಲ್ಲಿ ಯಾರೂ ನಮ್ಮ ಹಿರಿಯರೊಡನೆ ಹಳೆಯ ಲೆಕ್ಕ ತೆಗೆಯಲಿಲ್ಲ. ಒಂದು ಜನತೆಯ ಮೇಲಿನ ದ್ವೇಷ ನಿಮ್ಮನ್ನು ನ್ಯಾಯದಿಂದ ದೂರ ಮಾಡದಿರಲಿ ಎಂಬ ಅಲ್‌ಮಾಇದದ 8ನೇ ಸೂಕ್ತವನ್ನು ಖುತುಬಾಗಳಲ್ಲಿ ಕೇಳುವುದು ನಾವು.

ಅವರಿಂದ ಕಲಿಯಬೇಕಾದದ್ದೂ ಇದೆ. ಒಂದು ಇಗರ್ಜಿಯ ವ್ಯಾಪ್ತಿಯನ್ನು ವಾಳೆಗಳಾಗಿ ವಿಂಗಡಿಸಿ, ಪ್ರತಿ ವಾಳೆಗೆ ಒಬ್ಬ ಗುರಿಕಾರನನ್ನು ನೇಮಿಸುತ್ತಾರೆ. ಯಾವ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ ಎಂಬುದು ಆತನಿಗೆ ಗೊತ್ತಿರುತ್ತದೆ. 1833ರಲ್ಲಿ ಪ್ಯಾರಿಸ್‌ನಲ್ಲಿ ಆರಂಭವಾದ ಸಂತ ವಿನ್ಸೆಂಟ್ ಪಾವ್ಲ್ ಸಭೆಯ ಘಟಕಗಳು ನಮ್ಮ ಕರಾವಳಿಯ ಇಗರ್ಜಿಗಳಲ್ಲಿಯೂ ಇವೆ. ಅದರ ಸದಸ್ಯರು ಬಡವರನ್ನು ತಮ್ಮ ಬಳಿಗೆ ಕರೆಸುವುದಿಲ್ಲ, ಇಬ್ಬಿಬ್ಬರಾಗಿ ಬಡವರ ಮನೆಗೆ ಹೋಗುತ್ತಾರೆ. ನಮ್ಮಲ್ಲಿ ರಮಝಾನಿನಲ್ಲಿ ಶ್ರೀಮಂತನ ಗೇಟಿನ ಮುಂದೆ ಹೆಂಗಸರು ಬಿಸಿಲಿನಲ್ಲಿ ಸಾಲುಗಟ್ಟುತ್ತಾರೆ. ಕೈಚಾಚಿ ಬೇಡದ, ಅರಿಯದವನಿಗೆ ಅನುಕೂಲಸ್ಥರಂತೆ ಕಾಣುವ ಬಡವರನ್ನು ಅವರ ಮುಖಲಕ್ಷಣದಿಂದಲೇ ಗುರುತಿಸಬಹುದೆಂದು ಅಲ್‌ಬಕರದ 273ನೇ ಸೂಕ್ತ ಹೇಳುತ್ತದೆ. ಗೇಟಿನ ಸಾಲಿಗೆ ಅಂಥವರು ಬರುವುದೇ ಇಲ್ಲ. ಮನೆಗೆ ಹೋದವರಿಗೆ ಮಾತ್ರ ಅವರ ಮುಖ ಕಾಣುತ್ತದೆ.

ಹಾಗಾದರೆ ಇಗರ್ಜಿಯವರು ನಡೆಸುವ ವೃದ್ಧಾಶ್ರಮಕ್ಕೋ ರೋಗಿಗಳ ನಿಧಿಗೋ ನಾವು ಹಣ ಕೊಡಬಹುದೇ? ಝಕಾತ್‌ನ ಹಕ್ಕುದಾರರು ನಿಶ್ಚಿತರು. ಹೆಚ್ಚಿನ ವಿದ್ವಾಂಸರ ಪ್ರಕಾರ ಅದು ಮುಸ್ಲಿಮ್ ಬಡವರಿಗೆ ಸಲ್ಲಬೇಕಾದದ್ದು. ಐಚ್ಛಿಕ ಸದಕಕ್ಕೆ ಆ ಕಟ್ಟು ಇಲ್ಲ. ಆರಾಧನೆಯ ಖರ್ಚು ಬೇರೆ, ಹಸಿದವನ ಊಟ, ರೋಗಿಯ ಮದ್ದು ಬೇರೆ. ಮುಸ್ಲಿಮರಲ್ಲದ ತಮ್ಮ ಬಂಧುಗಳಿಗೆ ಕೊಡಲು ಮದೀನಾದಲ್ಲಿ ಕೆಲವು ಸಹಾಬಿಗಳು ಹಿಂಜರಿದಿದ್ದರು. ಅವರನ್ನು ಸನ್ಮಾರ್ಗಕ್ಕೆ ತರುವ ಹೊಣೆ ನಿಮ್ಮದಲ್ಲ, ನೀವು ಖರ್ಚು ಮಾಡುವ ಒಳಿತು ನಿಮಗೇ ಒಳಿತು ಎಂಬರ್ಥದ ಸೂಕ್ತ ಅವತೀರ್ಣವಾದದ್ದು ಆಗಲೇ ಎಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಅದು ಅಲ್‌ಬಕರದ 272ನೇ ಸೂಕ್ತ. ಕೈಚಾಚದ ಬಡವರ ಸೂಕ್ತಕ್ಕಿಂತ ಸರಿಯಾಗಿ ಒಂದು ಸೂಕ್ತ ಮೊದಲು.