ಬೀಡು ಬಿಟ್ಟ ನೆಲ

ತಮ್ಮ: ಅಕ್ಕಾ, ನೀನು ಹೇಳಿದ್ದ ಅರಣ್ಯಕಾಂಡದ 33ನೆಯ ಅಧ್ಯಾಯ ಓದಿದೆ. ಐಗುಪ್ತ ಬಿಟ್ಟ ಇಸ್ರಾಯೇಲ್ಯರು ಎಲ್ಲಿಂದ ಹೊರಟು ಎಲ್ಲಿ ಇಳಿದರು ಅನ್ನುವ ಪಟ್ಟಿ ಅದು, 42 ತಂಗುದಾಣ. ಎಷ್ಟೋ ಹೆಸರುಗಳ ಮುಂದೆ ಒಂದು ಸಂಗತಿಯೂ ಇಲ್ಲ. ಯಾಕೆ ಬರೆದಿಟ್ಟರು?

ಅಕ್ಕ: ಮೊದಲು ಪುಸ್ತಕದ ಹೆಸರು ನೋಡು. ಗ್ರೀಕ್ ಅನುವಾದದ ಜಾಡು ಹಿಡಿದ ಇಂಗ್ಲಿಷಿನವರು ಅದನ್ನು ‘ಎಣಿಕೆ’ ಅಂದರು, 6,03,550 ಗಂಡಸರ ಗಣತಿ ಅದರಲ್ಲಿದೆಯೆಂದು. ಯೆಹೂದ್ಯರು ಕರೆಯುವುದು ‘ಬಮಿದ್ಬಾರ್’, ಅಂದರೆ ಅರಣ್ಯದಲ್ಲಿ, ಬೆಂಗಾಡಿನಲ್ಲಿ. ನಮ್ಮ ಕನ್ನಡ ಬೈಬಲ್ಲು ಆ ಹೆಸರನ್ನೇ ಉಳಿಸಿಕೊಂಡಿದೆ. ಜನರ ಲೆಕ್ಕಕ್ಕಿಂತ ಅವರು ಇದ್ದ ನೆಲವೇ ಅಲ್ಲಿ ಮುಖ್ಯ.

ತಮ್ಮ: ನೆಲ ಸರಿ, ಆದರೆ ಅದು ಶಿಕ್ಷೆಯ ನೆಲ. ಗೂಢಚಾರರು 40 ದಿನ, ದೇವರು ಮಾತು ಕೊಟ್ಟಿದ್ದ ಕಾನಾನ್ ನೋಡಿ ಬಂದು ಜನರನ್ನು ಹೆದರಿಸಿದರು. ದಿನಕ್ಕೊಂದು ವರ್ಷದಂತೆ 40 ವರ್ಷ ಅಲೆಯಬೇಕಾಯಿತು. ಗಣತಿಯಲ್ಲಿದ್ದವರಲ್ಲಿ ಕಾಲೇಬ, ಯೆಹೋಶುವ ಇಬ್ಬರನ್ನು ಬಿಟ್ಟು ಉಳಿದವರೆಲ್ಲ ದಾರಿಯಲ್ಲೇ ಮಣ್ಣಾದರು. ನನಗೆ ಇದು ಸೆರೆವಾಸದ ದಿನಚರಿಯಂತೆ ಕಾಣುತ್ತದೆ.

ಅಕ್ಕ: 11ನೆಯ ಶತಮಾನದಲ್ಲಿ ಫ್ರಾನ್ಸಿನ ತ್ರುವಾ ಊರಿನಲ್ಲಿ ರಾಶಿ ಎಂಬ ವ್ಯಾಖ್ಯಾನಕಾರರಿದ್ದರು. ತಮಗಿಂತ ಹಿಂದಿನ ಪಂಡಿತರೊಬ್ಬರ ಲೆಕ್ಕವನ್ನು ಅವರು ಮುಂದಿಡುತ್ತಾರೆ. 42ರಲ್ಲಿ 14 ಮೊದಲ ವರ್ಷದವು, ಶಿಕ್ಷೆಗಿಂತ ಮುಂಚಿನವು. ಹೋರ್ ಬೆಟ್ಟದಲ್ಲಿ ಆರೋನ ತೀರಿಕೊಂಡ ಮೇಲಿನವು 8, ಕೊನೆಯ ವರ್ಷದವು. ನಡುವಿನ 38 ವರ್ಷಕ್ಕೆ ಉಳಿಯುವುದು 20 ಮಾತ್ರ. ಅಲೆಯಬೇಕೆಂದು ತೀರ್ಪು ಕೊಟ್ಟವನೇ ಕುಳಿತುಕೊಳ್ಳಲು ಬಿಟ್ಟ. ಕರುಣೆ ಕಾಣಲಿ ಎಂದೇ ಪಟ್ಟಿ ಬರೆದದ್ದು ಅನ್ನುತ್ತಾರೆ ರಾಶಿ.

ತಮ್ಮ: ಸುಮಾರು ಎರಡು ವರ್ಷಕ್ಕೊಂದು ಜಾಗ. ನನ್ನ ವರ್ಗಾವಣೆಗಳೂ ಅಷ್ಟೇ. ಅದರಲ್ಲಿ ಕರುಣೆ ಏನೂ ಕಂಡಿಲ್ಲ ಅಕ್ಕಾ. ಯಾವ ಬಾಡಿಗೆ ಮನೆಯ ಗೋಡೆಗೂ ನಾನು ಮೊಳೆ ಹೊಡೆದವನಲ್ಲ. ನಾಳೆ ಬಿಟ್ಟುಹೋಗುವುದೇ ತಾನೆ? ಅಪ್ಪನ ಫೋಟೋ ಇನ್ನೂ ಟ್ರಂಕಿನಲ್ಲೇ ಇದೆ.

ಅಕ್ಕ: ಇಸ್ರಾಯೇಲ್ಯರು ಗೂಟ ಹೊಡೆದರು ಕಣೋ. ದಾರಿ ತೋರುವ ಮೇಘ ಮೇಲೆದ್ದರೆ ಹೊರಡಬೇಕು, ನಿಂತರೆ ಇಳಿಯಬೇಕು. ಒಮ್ಮೊಮ್ಮೆ ಅದು ಸಂಜೆ ನಿಂತು ಬೆಳಗಾದರೆ ಏಳುತ್ತಿತ್ತು. ದೇವದರ್ಶನದ ಗುಡಾರ ಅಂದರೆ ಒಂದು ಬಟ್ಟೆ, ನಾಲ್ಕು ಕೋಲು ಅಂದುಕೊಂಡೆಯಾ? 48 ಹಲಗೆ, ಒಂದೊಂದು ತಲಾಂತು ತೂಕದ ಬೆಳ್ಳಿಯ ಪೀಠಗಳು 100. ಹೊರುವುದು ಲೇವಿಯರ ಪಾಲು. ಅವರಲ್ಲಿ ಮೆರಾರಿ ಮನೆತನದವರಿಗೆ ನಾಲ್ಕು ಬಂಡಿ, ಎಂಟು ಎತ್ತು. ಗೂಟ, ಹಗ್ಗ ಕೂಡ ಯಾರು ಯಾವುದನ್ನು ಹೊರಬೇಕೆಂದು ಹೆಸರು ಹಿಡಿದು ಒಪ್ಪಿಸಬೇಕೆಂಬ ಕಟ್ಟಳೆ. ಇಷ್ಟನ್ನೂ ಬಿಚ್ಚಿ, ಹೊತ್ತು, ಮತ್ತೆ ನಿಲ್ಲಿಸಬೇಕು. ಸುತ್ತಲೂ ದಿಕ್ಕಿಗೆ ಮೂರರಂತೆ ಹನ್ನೆರಡು ಕುಲಗಳ ಪಾಳೆಯ.

ತಮ್ಮ: ನಾಳೆ ಬಿಚ್ಚುವುದನ್ನು ಇಂದು ಅಷ್ಟು ಗಟ್ಟಿಯಾಗಿ ಕಟ್ಟುವುದು ವ್ಯರ್ಥ ಅನಿಸುವುದಿಲ್ಲವೇ?

ಅಕ್ಕ: ತಾಲ್ಮುದ್ ಈ ಪ್ರಶ್ನೆಯ ಹತ್ತಿರ ಬರುತ್ತದೆ. ಸಬ್ಬತ್ತಿನಲ್ಲಿ ಮಾಡಬಾರದ 39 ಕೆಲಸಗಳನ್ನು ಆ ಗುಡಾರದ ಕೆಲಸದಿಂದಲೇ ಕಲಿತರು. ಕೆಡವುವುದೂ ಅದರಲ್ಲೊಂದು. ಅದೇ ಜಾಗದಲ್ಲಿ ಮತ್ತೆ ಕಟ್ಟುವುದಕ್ಕೆಂದು ಕೆಡವಿದರೆ ಮಾತ್ರ ಅದು ಕೆಡವುವುದು ಎಂಬ ಅಭಿಪ್ರಾಯವೊಂದಿತ್ತು. ಆಗ ಒಬ್ಬ ಗುರು ಕೇಳುತ್ತಾನೆ: ಗುಡಾರವನ್ನು ಬಿಚ್ಚಿದ್ದು ಒಂದು ಕಡೆ, ಕಟ್ಟಿದ್ದು ಇನ್ನೊಂದು ಕಡೆಯಲ್ಲವೇ? ಬಂದ ಉತ್ತರ ನನ್ನನ್ನು ಬಹಳ ದಿನ ಬಿಡಲಿಲ್ಲ. ದೇವರ ಮಾತಿನಂತೆ ಇಳಿದವರಾದ್ದರಿಂದ, ಅದೇ ಜಾಗದಲ್ಲಿ ಕಟ್ಟಿದ ಹಾಗೆಯೇ ಲೆಕ್ಕ.

ತಮ್ಮ: ಅಂದರೆ 42 ಜಾಗವೂ ಒಂದೇ ಜಾಗ?

ಅಕ್ಕ: ಮಣ್ಣು ಬೇರೆ. ಯಾರ ಮಾತಿಗೆ ಇಳಿದರು, ನಟ್ಟನಡುವೆ ಏನನ್ನು ನಿಲ್ಲಿಸಿದರು ಅನ್ನುವುದು ಬದಲಾಗಲಿಲ್ಲ.

ತಮ್ಮ: ನನ್ನನ್ನು ಕಳಿಸುವುದು ಮೇಘವಲ್ಲ, ಕಚೇರಿಯ ಆದೇಶ. ಅದಿರಲಿ. ಸತ್ತವರ ಮಾತೇನು? ಅವರು ಮುಟ್ಟಲೇ ಇಲ್ಲವಲ್ಲ.

ಅಕ್ಕ: ಮಿದ್ರಾಶಿನಲ್ಲಿ ಒಂದು ಸಾಮತಿ ಇದೆ. ಕಾಯಿಲೆಯ ಮಗನನ್ನು ರಾಜ ದೂರದೂರಿಗೆ ಕರೆದೊಯ್ದು ಗುಣಪಡಿಸಿದ. ಮರಳುವಾಗ ತೋರಿಸುತ್ತಾ ಬಂದ: ಇಲ್ಲಿ ಮಲಗಿದ್ದೆವು, ಇಲ್ಲಿ ಚಳಿ ಹಿಡಿಯಿತು, ಇಲ್ಲಿ ನಿನಗೆ ತಲೆನೋವು ಬಂತು.

ತಮ್ಮ: ಆ ಮಗ ಗುಣವಾಗಿ ಮರಳಿದ. ಇವರು ಮರಳಲಿಲ್ಲ.

ಅಕ್ಕ: ಒಪ್ಪಿದೆ. ಆ ಕಥೆ ಸತ್ತವರನ್ನು ಮುಟ್ಟುವುದಿಲ್ಲ. ನನಗೆ ದಾರಿ ಕಂಡದ್ದು ಹೆಸರುಗಳಲ್ಲಿ. ಮಾರಾ ಅಂದರೆ ಕಹಿ, ಅಲ್ಲಿನ ನೀರಿನ ಕಥೆ ಗೊತ್ತು. ಕಿಬ್ರೋತ್ ಹತಾವಾ, ಆಸೆಯ ಗೋರಿಗಳು, ಅದೂ ಗೊತ್ತು. ಆದರೆ ಹರಾದಾ ಅಂದರೆ ನಡುಕ, ಮಿತ್ಕಾ ಅಂದರೆ ಸಿಹಿ. ಯಾತರ ನಡುಕ, ಯಾತರ ಸಿಹಿ, ಗ್ರಂಥ ಹೇಳುವುದಿಲ್ಲ. ಮಿತ್ಕಾದಲ್ಲಿ ಹುಟ್ಟಿದ ಮಗುವಿಗೆ ಅದು ತಂಗುದಾಣವೇ? ಹುಟ್ಟೂರು. ಅಲ್ಲೇ ಕಣ್ಣು ಮುಚ್ಚಿದವನು ಕಾನಾನಿಗೆ ಕಾಯುತ್ತಾ ಮಾತ್ರ ಬದುಕಿರಲಿಲ್ಲ. ಅಲ್ಲಿ ಉಂಡ, ಜಗಳವಾಡಿದ, ಮಕ್ಕಳನ್ನು ಬೆಳೆಸಿದ. ಕಾನಾನ್ ಮುಟ್ಟಿದ ಮೇಲೂ ಆ ಹೆಸರುಗಳನ್ನು ಅಳಿಸಲಿಲ್ಲ. ನನಗೆ ಈ ಅಧ್ಯಾಯದಲ್ಲಿ ದೊಡ್ಡದು ಅದೇ.

ತಮ್ಮ: ಹಾಗಾದರೆ ಹೊರಡುವ ಸಿದ್ಧತೆ ಬೇಡವೇ?

ಅಕ್ಕ: ಬೇಕು. ಗುಡಾರದೊಳಗಿನ ಮಂಜೂಷವನ್ನು ಹೊರುವ ಕೋಲುಗಳನ್ನು ಎಂದೂ ಬಳೆಗಳಿಂದ ತೆಗೆಯಬಾರದು, ವರ್ಷಗಟ್ಟಲೆ ಒಂದೇ ಕಡೆ ಇದ್ದರೂ. ಕೋಲು ತೆಗೆಯಬೇಡ ಅಂದ ಅದೇ ಗ್ರಂಥ, ಗೂಟ ಹೊಡೆಯಬೇಡ ಅನ್ನಲಿಲ್ಲ. ನೀನು ಕೋಲನ್ನಷ್ಟೇ ಹಿಡಿದು ಕೂತಿದ್ದೀಯ. ಇವತ್ತೇ ಹೋಗಿ ಅಪ್ಪನ ಫೋಟೋ ಹಾಕು.

ತಮ್ಮ: ಹಾಕುತ್ತೇನೆ. ಪಟ್ಟಿಯ ಕೊನೆಯ ಹೆಸರು ಕಾನಾನ್ ಅಲ್ಲ, ಗಮನಿಸಿದೆಯಾ?

ಅಕ್ಕ: ಮೋವಾಬಿನ ಬಯಲು, ಯೊರ್ದನ್ ಹೊಳೆಯ ಈಚೆ ದಡ. ಐದು ಪುಸ್ತಕಗಳ ತೋರಾ ಅಲ್ಲೇ ಮುಗಿಯುತ್ತದೆ. ವರ್ಷಕ್ಕೊಮ್ಮೆ, ಸಿಮ್ಹತ್ ತೋರಾ ಹಬ್ಬದ ದಿನ, ಅವರ ನಾಯಕ ಮೋಶೆ ಆ ಬಯಲಿನಿಂದ ನೆಬೋ ಬೆಟ್ಟ ಹತ್ತಿ ತೀರಿಕೊಂಡದ್ದನ್ನು ಸಿನಗಾಗಿನಲ್ಲಿ ಓದಿ ಮುಗಿಸುತ್ತಾರೆ. ಹೊಳೆ ದಾಟುವ ಮುಂಚೆಯೇ ಆದಿಕಾಂಡದ ಮೊದಲ ಸಾಲಿಗೆ ಮರಳಿ, ಅದೇ ದಿನ ಮತ್ತೆ ಓದಲು ತೊಡಗುತ್ತಾರೆ.